ನಾಯಿಮರಿಗೆ ಮುಂಗಡ ಕೊಡುವ ಮೊದಲು ಬ್ರೀಡರ್‌ನ ತಪಾಸಣಾ ದಾಖಲೆಯನ್ನು ನೋಡುವುದು ಹೇಗೆ

ಮನೆಗೆ ನಾಯಿಮರಿಯೊಂದನ್ನು ತರಬೇಕೆಂದು ನಿರ್ಧರಿಸಿದ ದಿನ ಮೊದಲು ನಡೆಯುವ ಚರ್ಚೆ ತಳಿಯ ಕುರಿತು, ಆಮೇಲಿನದು ದರದ ಕುರಿತು. ಮರಿಯ ತಾಯಿ ಎಲ್ಲಿ ಮಲಗುತ್ತದೆ, ಅದು ಈವರೆಗೆ ಎಷ್ಟು ಸಲ ಮರಿ ಹಾಕಿದೆ, ಅದನ್ನು ಸಾಕುವ ಜಾಗದೊಳಗೆ, ಅಂದರೆ ಕೆನಲ್‌ನೊಳಗೆ, ಪಶುವೈದ್ಯರೊಬ್ಬರು ತಪಾಸಣೆಗೆಂದು ಕಡೆಯ ಬಾರಿ ಕಾಲಿಟ್ಟದ್ದು ಯಾವಾಗ ಎಂಬ ಪ್ರಶ್ನೆಗಳನ್ನು ಮಂಗಳೂರು, ಉಡುಪಿ ಕಡೆಯ ಖರೀದಿದಾರರಲ್ಲಿ ಬಹಳ ಕಡಿಮೆ ಮಂದಿ ಕೇಳುತ್ತಾರೆ. ಕೇಳಿದರೂ ಉತ್ತರ ಬರುವುದು ಮರಿ ಹಾಕಿಸಿ ಮಾರುವ ಬ್ರೀಡರ್‌ನ ಬಾಯಿಂದಲೇ. ಆ ಉತ್ತರವನ್ನು ಸರಕಾರಿ ಕಡತದೊಂದಿಗೆ ತಾಳೆ ನೋಡುವ ದಾರಿಯೊಂದು ನಮಗಿದೆ. ಅದು ನಿಧಾನದ ದಾರಿ, ಒಂದು ತಿಂಗಳಾದರೂ ಹಿಡಿಯುತ್ತದೆ. ಆದರೆ ಹತ್ತು ಹನ್ನೆರಡು ವರ್ಷ ಜೊತೆಗಿರಬೇಕಾದ ಜೀವವನ್ನು ತರುವಾಗ ಒಂದು ತಿಂಗಳು ಕಾಯುವುದು ದೊಡ್ಡ ಮಾತಲ್ಲ.

ಇದರಲ್ಲಿ ಒಂದು ಕ್ರಮವನ್ನು ಪಾಲಿಸಲೇಬೇಕು: ಮೊದಲು ಕಾಗದ, ನಂತರ ಜಾಗ, ಕಡೆಗೆ ಮರಿ. ಈ ಕ್ರಮ ತಲೆಕೆಳಗಾದರೆ ಉಳಿದದ್ದೆಲ್ಲ ವ್ಯರ್ಥ. ಒಮ್ಮೆ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡ ಮಕ್ಕಳಿಗೆ, ಮಕ್ಕಳಿಗೇನು ಹಿರಿಯರಿಗೂ, ಅದನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಫೋನಿನಲ್ಲಿ ನೋಂದಣಿ ಸಂಖ್ಯೆ ಕೇಳಿದಾಗ ನನಗೆ ಸಿಕ್ಕಿದ ಉತ್ತರವೂ ಅದೇ ಆಗಿತ್ತು: “ಅದೆಲ್ಲ ಉಂಟು ಮಾರಾಯ್ರೆ, ನೀವು ಮೊದಲು ಬಂದು ಮರಿ ನೋಡಿ.”

ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಂಡರೆ ಯಾವ ದಾಖಲೆ ಎಲ್ಲಿ ಹುಟ್ಟುತ್ತದೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರಕಾರವು 2017ರ ಮೇ ತಿಂಗಳಲ್ಲಿ ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟಕ್ಕೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ, ಮಾರಾಟಕ್ಕಾಗಿ ನಾಯಿಗಳನ್ನು ಬೆಳೆಸುವ ಯಾರೇ ಆಗಲಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳದೆ ಆ ಕೆಲಸ ಮಾಡುವಂತಿಲ್ಲ. ನೋಂದಣಿ ಪ್ರಮಾಣಪತ್ರದ ಅವಧಿ ಎರಡು ವರ್ಷ. ಅದನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ. ಕೇಂದ್ರದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ನಮಗೆ ಮುಖ್ಯವಾದ ಮಾತು ಏನೆಂದರೆ, ಪ್ರಮಾಣಪತ್ರ ಕೊಡುವ ಮೊದಲು ಮಂಡಳಿಯು ಜಾಗವನ್ನು ತಪಾಸಣೆ ಮಾಡಿಸಬೇಕು. ಹಾಗಾಗಿ ನಿಜವಾಗಿಯೂ ನೋಂದಣಿಯಾದ ಬ್ರೀಡರ್ ಒಬ್ಬರಿದ್ದರೆ ಅವರ ಕಡತದಲ್ಲಿ ಒಂದು ತಪಾಸಣಾ ವರದಿಯಾದರೂ ಇರಲೇಬೇಕು. ಇದರ ಜೊತೆಗೆ, ಹಿಂದಿನ ವರ್ಷ ಎಷ್ಟು ನಾಯಿಗಳನ್ನು ಮಾರಿದರು, ಎಷ್ಟನ್ನು ಕೈಬದಲಾಯಿಸಿದರು ಎಂಬ ವಾರ್ಷಿಕ ವರದಿಯನ್ನು ಬ್ರೀಡರ್ ಮಂಡಳಿಗೆ ಸಲ್ಲಿಸಬೇಕು. ಈ ಎರಡು ಕಾಗದಗಳೇ ನಾವು ಹುಡುಕುತ್ತಿರುವುದು.

ಕರಾವಳಿಯ ಖರೀದಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಇಲ್ಲಿ ಮಾರಾಟವಾಗುವ ಮರಿಗಳೆಲ್ಲ ಇಲ್ಲಿ ಹುಟ್ಟಿದವಲ್ಲ. ಬೆಂಗಳೂರಿನ ಕಡೆಯಿಂದಲೋ, ಗಡಿ ದಾಟಿ ಕೇರಳದಿಂದಲೋ ರಾತ್ರಿ ಬಸ್ಸಿನಲ್ಲಿ ಬುಟ್ಟಿಯೊಳಗೆ ಬಂದ ಮರಿಯನ್ನು ಮಧ್ಯವರ್ತಿಯೊಬ್ಬರು ಮಂಗಳೂರಿನ ಪಂಪ್‌ವೆಲ್‌ನಲ್ಲೋ ಪಡುಬಿದ್ರಿಯ ಹೆದ್ದಾರಿ ಬದಿಯಲ್ಲೋ ಕೈಗೆ ಕೊಟ್ಟು ಹಣ ಪಡೆದು ಹೋಗುವುದುಂಟು. ಇಂಥವರು “ನಾನು ಬ್ರೀಡರ್ ಅಲ್ಲ, ಕೊಡಿಸುವವ ಮಾತ್ರ” ಎಂದು ಹೇಳಿ ಜಾರಿಕೊಳ್ಳುತ್ತಾರೆ. ಆದರೆ 2017ರ ನಿಯಮಗಳಲ್ಲಿ ಬ್ರೀಡರ್ ಎಂಬ ಪದದ ವ್ಯಾಖ್ಯಾನದೊಳಗೆ ಮಧ್ಯವರ್ತಿಯೂ ವ್ಯಾಪಾರಿಯೂ ಸೇರಿದ್ದಾರೆ. ಅವರಿಗೂ ನೋಂದಣಿ ಬೇಕು. ಮಾರಾಟಕ್ಕಾಗಿ ಮರಿಗಳನ್ನು ಸಾರ್ವಜನಿಕ ಸ್ಥಳದಲ್ಲಿ ಪ್ರದರ್ಶಿಸುವುದಕ್ಕೂ ಅವೇ ನಿಯಮಗಳು ಅವಕಾಶ ಕೊಡುವುದಿಲ್ಲ. ಅಂಗಡಿಯಿಂದ ಕೊಳ್ಳುವುದಾದರೆ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಅಂಗಡಿಗೆ ಬೇರೆಯೇ ನೋಂದಣಿ ಇರಬೇಕು, ಆಗ ಅದರ ಸಂಖ್ಯೆಯನ್ನೂ ಕೇಳಬೇಕು.

ಮೊದಲ ಹೆಜ್ಜೆ, ನೋಂದಣಿ ಪ್ರಮಾಣಪತ್ರದ ಫೋಟೊವನ್ನು ವಾಟ್ಸ್ಯಾಪ್‌ನಲ್ಲಿ ಕಳುಹಿಸಿ ಎಂದು ಕೇಳುವುದು. ಮರಿಗಳ ಇಪ್ಪತ್ತು ಫೋಟೊ ಕಳುಹಿಸಿದವರಿಗೆ ಗೋಡೆಯ ಮೇಲಿನ ಒಂದು ಕಾಗದದ ಫೋಟೊ ಕಳುಹಿಸುವುದು ಕಷ್ಟವಾಗಬಾರದು. ಬಂದ ಫೋಟೊದಲ್ಲಿ ಯಾರ ಹೆಸರಿದೆ, ಯಾವ ವಿಳಾಸವಿದೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದಿದೆ, ಕೊಟ್ಟವರು ಯಾರು ಎಂಬ ನಾಲ್ಕನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲಿ ಹಲವರು ಮೋಸಹೋಗುವುದು ಕಾಗದ ಇಲ್ಲದ್ದರಿಂದಲ್ಲ, ಬೇರೆ ಕಾಗದವನ್ನು ಕಂಡು. ಕೆನಲ್ ಕ್ಲಬ್ ಆಫ್ ಇಂಡಿಯಾದ ಪತ್ರವನ್ನು ತೋರಿಸಿ “ರಿಜಿಸ್ಟರ್ಡ್ ಮರಿ” ಎನ್ನುವುದು ಸಾಮಾನ್ಯ. ಆ ಪತ್ರಕ್ಕೆ ಅದರದೇ ಬೆಲೆಯಿದೆ, ಅದು ಮರಿಯ ವಂಶಾವಳಿಯನ್ನು ಹೇಳುತ್ತದೆ. ಮರಿ ಹುಟ್ಟಿದ ಜಾಗವನ್ನು ಸರಕಾರದ ಪರವಾಗಿ ಯಾರಾದರೂ ಪರಿಶೀಲಿಸಿದ್ದಾರೆಯೇ ಎಂಬುದನ್ನು ಹೇಳುವುದಿಲ್ಲ. ಮಹಾನಗರ ಪಾಲಿಕೆಯ ಅಥವಾ ಪಂಚಾಯತಿನ ಉದ್ದಿಮೆ ಪರವಾನಗಿಯೂ ಹಾಗೆಯೇ, ಅದು ವ್ಯಾಪಾರಕ್ಕೆ ಸಂಬಂಧಿಸಿದ್ದು. ಜಿಎಸ್‌ಟಿ ಸಂಖ್ಯೆಯ ಮಾತನ್ನಂತೂ ಇಲ್ಲಿ ಎತ್ತುವ ಅಗತ್ಯವೇ ಇಲ್ಲ.

ಪ್ರಮಾಣಪತ್ರ ಸಿಕ್ಕಿತು ಎಂದುಕೊಳ್ಳೋಣ. ಅದು ನಿಜವೇ, ಅದರ ಹಿಂದಿರುವ ತಪಾಸಣೆಯಲ್ಲಿ ಏನು ಕಂಡುಬಂದಿತ್ತು ಎಂಬುದನ್ನು ತಿಳಿಯಲು ನಮ್ಮಲ್ಲಿ ಮನೆಯಲ್ಲೇ ಕುಳಿತು ಹೆಸರು ಹಾಕಿ ವರದಿ ತೆರೆದು ಓದುವ ಅನುಕೂಲವಿಲ್ಲ. ಕೇಳಿಯೇ ಪಡೆಯಬೇಕು. ಮೊದಲು ಬಾಯಿಮಾತಿನಲ್ಲಿ ವಿಚಾರಿಸುವುದು ಒಳ್ಳೆಯದು. ದಕ್ಷಿಣ ಕನ್ನಡದವರು ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಕಚೇರಿಯಲ್ಲಿ, ಉಡುಪಿಯವರು ಅದೇ ಇಲಾಖೆಯ ತಮ್ಮ ಜಿಲ್ಲಾ ಕಚೇರಿಯಲ್ಲಿ, ಇಂಥ ಹೆಸರಿನ ಬ್ರೀಡರ್ ನಿಮ್ಮ ಪಟ್ಟಿಯಲ್ಲಿದ್ದಾರೆಯೇ ಎಂದು ಕೇಳಬಹುದು. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಈ ವಿಷಯದಲ್ಲಿ ಹೊಣೆಯಿದೆ. ಬಾಯಿಮಾತಿನ ಉತ್ತರ ದಿಕ್ಕು ತೋರಿಸಲು ಸಾಕು; ಆದರೆ ವರದಿಯ ಪ್ರತಿ ಕೈಗೆ ಬರಬೇಕಾದರೆ ಮಾಹಿತಿ ಹಕ್ಕು ಅರ್ಜಿಯನ್ನೇ ಹಾಕಬೇಕು.

2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ಅಡಿಯಲ್ಲಿ ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಿ ಅಂಚೆಯಲ್ಲಿ ಕಳುಹಿಸಬಹುದು, ರಾಜ್ಯದ ಮಾಹಿತಿ ಹಕ್ಕು ಜಾಲತಾಣದ ಮೂಲಕವೂ ಸಲ್ಲಿಸಬಹುದು. ಅರ್ಜಿಯನ್ನು ಕರ್ನಾಟಕ ಪ್ರಾಣಿ ಕಲ್ಯಾಣ ಮಂಡಳಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಬೇಕು. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅದನ್ನು ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸುವ ಹೊಣೆ ಆ ಅಧಿಕಾರಿಯದೇ, ನಮ್ಮದಲ್ಲ. ನಮ್ಮ ರಾಜ್ಯದ ನಿಯಮಗಳಲ್ಲಿ ಒಂದು ವಿಶೇಷವಿದೆ, ಅದನ್ನು ತಿಳಿಯದೆ ಬರೆದ ಎಷ್ಟೋ ಅರ್ಜಿಗಳು ಹಿಂದಕ್ಕೆ ಬರುತ್ತವೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಮತ್ತು ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ ಇಬ್ಬರು ಬ್ರೀಡರ್‌ಗಳ ಬಗ್ಗೆ ಕೇಳುವುದಾದರೆ ಎರಡು ಅರ್ಜಿ ಹಾಕುವುದು ಲೇಸು. ಮಾಹಿತಿ ಏಕೆ ಬೇಕು ಎಂಬ ಕಾರಣವನ್ನು ಬರೆಯಬೇಕಾಗಿಲ್ಲ. ಕಾಯ್ದೆಯೇ ಅದನ್ನು ಕೇಳಬಾರದೆನ್ನುತ್ತದೆ.

ಕೇಳುವ ರೀತಿಯಲ್ಲಿ ಅರ್ಧ ಯಶಸ್ಸು ಅಡಗಿದೆ. “ಈ ಕೆನಲ್ ಚೆನ್ನಾಗಿದೆಯೇ”, “ಯಾಕೆ ಕ್ರಮ ಕೈಗೊಂಡಿಲ್ಲ” ಎಂಬಂಥ ಪ್ರಶ್ನೆಗಳಿಗೆ ಉತ್ತರ ಬರುವುದಿಲ್ಲ, ಏಕೆಂದರೆ ಕಚೇರಿಯು ಕೊಡಬೇಕಾದದ್ದು ತನ್ನಲ್ಲಿರುವ ದಾಖಲೆಯನ್ನು, ಅಭಿಪ್ರಾಯವನ್ನಲ್ಲ. ದಾಖಲೆಯ ಹೆಸರು ಹಿಡಿದೇ ಕೇಳಬೇಕು. ನಾನು ಬಳಸಿದ ಒಕ್ಕಣೆ ಸುಮಾರಾಗಿ ಹೀಗಿತ್ತು:

“ವಿಷಯ: ಇಂಥ ವಿಳಾಸದಲ್ಲಿರುವ ಇಂಥ ಹೆಸರಿನ ನಾಯಿ ಸಂತಾನಾಭಿವೃದ್ಧಿ ಕೇಂದ್ರದ ನೋಂದಣಿ ಮತ್ತು ತಪಾಸಣೆಗೆ ಸಂಬಂಧಿಸಿದ ದಾಖಲೆಗಳು. 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳ ಅಡಿಯಲ್ಲಿ ಸದರಿ ಕೇಂದ್ರಕ್ಕೆ ನೀಡಲಾದ ನೋಂದಣಿ ಪ್ರಮಾಣಪತ್ರದ ಪ್ರತಿ. ನೋಂದಣಿಗೆ ಮೊದಲು ಮತ್ತು ನಂತರ ನಡೆದ ಎಲ್ಲ ತಪಾಸಣೆಗಳ ದಿನಾಂಕ ಹಾಗೂ ವರದಿಗಳ ಪ್ರತಿ. ಸದರಿ ಕೇಂದ್ರಕ್ಕೆ ನೀಡಿದ ನೋಟಿಸುಗಳು, ಅವುಗಳಿಗೆ ಬಂದ ಉತ್ತರಗಳ ಪ್ರತಿ. ಕಳೆದ ಮೂರು ವರ್ಷಗಳ ವಾರ್ಷಿಕ ವರದಿಗಳ ಪ್ರತಿ. ಸದರಿ ಕೇಂದ್ರವು ನೋಂದಣಿಯಾಗಿಲ್ಲವಾದರೆ ಆ ಬಗ್ಗೆ ಲಿಖಿತ ಮಾಹಿತಿ.”

ಕಡೆಯ ವಾಕ್ಯವನ್ನು ಬಿಡಬಾರದು. ಅದಿಲ್ಲದಿದ್ದರೆ “ಮಾಹಿತಿ ಲಭ್ಯವಿಲ್ಲ” ಎಂಬ ಒಂದು ಸಾಲಿನ ಉತ್ತರ ಬರಬಹುದು. ಅದರಿಂದ ನೋಂದಣಿಯೇ ಇಲ್ಲವೋ ಅಥವಾ ಕಡತ ಸಿಗಲಿಲ್ಲವೋ ಎಂಬುದು ಗೊತ್ತಾಗುವುದಿಲ್ಲ. ಬ್ರೀಡರ್‌ನ ಮನೆಯವರ ವಿವರ, ಫೋನ್ ಸಂಖ್ಯೆ, ಬ್ಯಾಂಕಿನ ವಿವರ ಮುಂತಾದ ಖಾಸಗಿ ವಿಷಯಗಳನ್ನು ಕೇಳಲೇಬಾರದು. ಅದು ನಮಗೆ ಬೇಕಾಗಿಯೂ ಇಲ್ಲ, ಅದೊಂದು ನೆಪದಲ್ಲಿ ಇಡೀ ಅರ್ಜಿ ತಿರಸ್ಕೃತವಾಗಲು ನಾವೇ ಅವಕಾಶ ಕೊಟ್ಟಂತಾಗುತ್ತದೆ. ಉತ್ತರಕ್ಕೆ ಕಾಲಮಿತಿ 30 ದಿನ. ಮೂರನೆಯವರಿಗೆ ಸಂಬಂಧಿಸಿದ ಮಾಹಿತಿ ಎಂದು ಬ್ರೀಡರ್‌ನ ಅಭಿಪ್ರಾಯ ಕೇಳಿದರೆ 40 ದಿನ ಆಗಬಹುದು. ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು, ಮತ್ತು ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಕೇರಳದ ಬ್ರೀಡರ್ ಆದರೆ ಆ ರಾಜ್ಯದ ಮಂಡಳಿಗೆ, ಆ ರಾಜ್ಯದ ಶುಲ್ಕ ನಿಯಮದಂತೆ ಬರೆಯಬೇಕು.

ವರದಿ ಬಂದ ಮೇಲೆ ಅದನ್ನು ಓದುವುದು ಬೇರೆಯೇ ಕೆಲಸ, ಮತ್ತು ನನ್ನ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಯೇ. ಮೊದಲು ದಿನಾಂಕ ನೋಡಬೇಕು. ಎರಡು ವರ್ಷದ ಪ್ರಮಾಣಪತ್ರ ಇರುವಾಗ ಕಡೆಯ ತಪಾಸಣೆ ಮೂರು ವರ್ಷದ ಹಿಂದಿನದಾಗಿದ್ದರೆ ಲೆಕ್ಕ ತಪ್ಪಿದೆ ಎಂದರ್ಥ. ದಿನಾಂಕ ಯಾವ ತಿಂಗಳಿನದು ಎಂಬುದೂ ನಮ್ಮ ಕಡೆ ಮುಖ್ಯ. ಫೆಬ್ರವರಿಯಲ್ಲಿ ಒಣಗಿ ಅಚ್ಚುಕಟ್ಟಾಗಿ ಕಾಣುವ ಕೆನಲ್, ಜುಲೈ ತಿಂಗಳ ಆಟಿ ಮಳೆಯಲ್ಲಿ ಹೇಗಿರುತ್ತದೆ ಎಂಬುದನ್ನು ಬೇಸಗೆಯ ವರದಿ ಹೇಳಲಾರದು. ತಗಡಿನ ಮಾಡಿನ ಕೆಳಗೆ, ಪಾಚಿ ಹಿಡಿದ ಕೆಂಪು ಕಲ್ಲಿನ ಗೋಡೆಯ ಬದಿಯಲ್ಲಿ, ನಾಲ್ಕು ತಿಂಗಳು ಒಣಗದ ನೆಲದ ಮೇಲೆ ಮರಿ ಹಾಕಿದ ತಾಯಿ ಮಲಗುತ್ತದೆಯೇ ಎಂಬುದು ಕರಾವಳಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ. ನಮ್ಮ ಜಿಲ್ಲೆಗಳಲ್ಲಿ ಇಲಿ ಜ್ವರ ಮಳೆಗಾಲದ ಕಾಯಿಲೆ, ನಾಯಿಗೂ ಅದು ತಗಲುತ್ತದೆ. ಇಲಿಯ ಮೂತ್ರ ಬೆರೆತ ನೀರು ನಿಲ್ಲುವ ಜಾಗ ಮರಿಗೂ ಮನೆಯವರಿಗೂ ಅಪಾಯ. ಆದ್ದರಿಂದ ವರದಿಯಲ್ಲಿ ನೀರು ಹರಿದುಹೋಗುವ ವ್ಯವಸ್ಥೆಯ ಕುರಿತು ಒಂದು ಸಾಲಾದರೂ ಇದೆಯೇ ಎಂದು ಹುಡುಕುತ್ತೇನೆ.

ದಿನಾಂಕದ ನಂತರ ಸಂಖ್ಯೆ. ತಪಾಸಣೆಯ ದಿನ ಎಷ್ಟು ಹೆಣ್ಣು ನಾಯಿಗಳಿದ್ದವು, ಎಷ್ಟು ಮರಿಗಳಿದ್ದವು ಎಂಬುದನ್ನು ವಾರ್ಷಿಕ ವರದಿಯ ಮಾರಾಟದ ಸಂಖ್ಯೆಯೊಂದಿಗೆ ಹೋಲಿಸಬೇಕು. ನಿಯಮದ ಪ್ರಕಾರ ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸುವಂತಿಲ್ಲ, 8 ವರ್ಷದ ಮೇಲೆ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದು ಸೂಲಿಗಿಂತ ಹೆಚ್ಚು ಸಲ್ಲದು, ಜೀವಮಾನದಲ್ಲಿ ಐದು ಸೂಲು ಮೀರಬಾರದು. ಈಗ ಲೆಕ್ಕ ಹಾಕಿ ನೋಡಿ. ನಾಲ್ಕು ಹೆಣ್ಣು ಲ್ಯಾಬ್ರಡಾರ್ ಇರುವ ಜಾಗದಲ್ಲಿ ಒಂದೊಂದಕ್ಕೂ ಎಂಟು ಮರಿಯೆಂದು ಹಿಡಿದರೆ ವರ್ಷಕ್ಕೆ ಮೂವತ್ತೆರಡು ಮರಿ. ವಾರ್ಷಿಕ ವರದಿಯಲ್ಲಿ ಎಪ್ಪತ್ತು ಮರಿ ಮಾರಿದ್ದಾಗಿ ಇದ್ದರೆ, ಒಂದೋ ತಾಯಂದಿರನ್ನು ವರ್ಷಕ್ಕೆರಡು ಸಲ ಮರಿ ಹಾಕಿಸುತ್ತಿದ್ದಾರೆ, ಇಲ್ಲವೇ ಹೊರಗಿನಿಂದ ಮರಿ ತಂದು ತಮ್ಮ ಕೆನಲ್‌ನದೆಂದು ಮಾರುತ್ತಿದ್ದಾರೆ, ಇಲ್ಲವೇ ತಪಾಸಣೆಗೆ ತೋರಿಸದ ಇನ್ನೊಂದು ಜಾಗವಿದೆ. ಈ ಮೂರರಲ್ಲಿ ಯಾವುದಾಗಿದ್ದರೂ ಅಲ್ಲಿಗೆ ಹೋಗಿ ಮರಿ ನೋಡುವ ಅಗತ್ಯವಿಲ್ಲ.

ಮೂರನೆಯದಾಗಿ, ಯಾವ ದೋಷ ಕಂಡುಬಂತು ಎಂಬುದಕ್ಕಿಂತಲೂ ಅದು ಎಷ್ಟು ಸಲ ಕಂಡುಬಂತು ಎಂಬುದನ್ನು ಗಮನಿಸಬೇಕು. ಗೋಡೆಯ ಸುಣ್ಣ ಉದುರಿದೆ, ರಿಜಿಸ್ಟರಿನ ಒಂದು ಕಾಲಂ ತುಂಬಿಲ್ಲ ಎಂಬಂಥ ಟಿಪ್ಪಣಿ ಪ್ರಾಮಾಣಿಕ ಬ್ರೀಡರ್‌ನ ಕಡತದಲ್ಲೂ ಇರುತ್ತದೆ; ಮುಂದಿನ ವರದಿಯಲ್ಲಿ ಅದು ಸರಿಯಾಗಿದ್ದರೆ ಆ ಬ್ರೀಡರ್ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಚಿಕಿತ್ಸೆಯಿಲ್ಲದ ಗಾಯ, ಎಲುಬು ಕಾಣುವಷ್ಟು ಸೊರಗಿದ ತಾಯಿ, ಕುಡಿಯುವ ನೀರಿಲ್ಲದ ಗೂಡು, ಕಾಲು ಸಿಕ್ಕಿಕೊಳ್ಳುವ ತಂತಿ ಬಲೆಯ ನೆಲ ಎಂಬಂಥವು ಹಾಗಲ್ಲ. ಇವುಗಳಲ್ಲಿ ಒಂದು ಒಂದೇ ಸಲ ದಾಖಲಾಗಿದ್ದರೂ ನನಗೆ ಅದು ಸಾಕು. ಯಾವ ದೋಷವೂ ಇಲ್ಲದ ವರದಿಯನ್ನು ಕಂಡು ಪೂರ್ತಿ ನಿಶ್ಚಿಂತರಾಗಲೂಬಾರದು. ಅದು ಆ ಒಂದು ದಿನದ, ಆ ಒಂದು ಗಂಟೆಯ ಮಾತು. ಅದರ ಮೇಲೆ ನಮ್ಮದೇ ಕಣ್ಣಿನ ಭೇಟಿ ಬೇಕೇ ಬೇಕು.

ಇಲ್ಲಿ ಒಂದು ವಿಷಯಾಂತರವಲ್ಲದ ವಿಷಯ. ಕರಾವಳಿಯ ಮನೆ ಮನೆಯಲ್ಲಿ ಹೊರದೇಶದಲ್ಲಿರುವವರು ಒಬ್ಬರಿರುತ್ತಾರೆ. ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿ ಮರಿ ಕೊಳ್ಳುವುದಾದರೆ ಅವರಿಗೆ ಈ ಅರ್ಜಿಯ ಶ್ರಮವಿಲ್ಲ. ಅಲ್ಲಿಯ ಕೃಷಿ ಇಲಾಖೆ ಲೈಸೆನ್ಸ್ ಪಡೆದ ಬ್ರೀಡರ್‌ಗಳ ತಪಾಸಣಾ ವರದಿಗಳನ್ನು ತನ್ನ ಜಾಲತಾಣದಲ್ಲೇ ಇಡುತ್ತದೆ. ಹೆಸರು ಅಥವಾ ಲೈಸೆನ್ಸ್ ಸಂಖ್ಯೆ ಹಾಕಿದರೆ ವರದಿ ತೆರೆದುಕೊಳ್ಳುತ್ತದೆ. ಗಂಭೀರವಾದ ದೋಷಗಳನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತು ಹಾಕಿರುತ್ತಾರೆ. 2017ರ ಫೆಬ್ರವರಿಯಲ್ಲಿ ಇಲಾಖೆ ಈ ದಾಖಲೆಗಳನ್ನು ಏಕಾಏಕಿ ತೆಗೆದುಹಾಕಿತ್ತು. ಅಲ್ಲಿಯ ಸಂಸತ್ತಿನ ಆದೇಶದ ನಂತರ 2020ರಲ್ಲಿ ಮತ್ತೆ ಹಾಕಿತು. ಆದರೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಹೆಣ್ಣು ನಾಯಿಗಳನ್ನಿಟ್ಟುಕೊಂಡು ತಮ್ಮಲ್ಲೇ ಹುಟ್ಟಿದ ಮರಿಗಳನ್ನು ಮಾತ್ರ ಮಾರುವವರಿಗೆ, ಮತ್ತು ಮರಿಯನ್ನು ಖರೀದಿದಾರರಿಗೆ ಎದುರಿಗೇ ತೋರಿಸಿ ಮಾರುವವರಿಗೆ ಅಲ್ಲಿ ಆ ಲೈಸೆನ್ಸ್ ಬೇಕಾಗಿಲ್ಲ. ಆದ್ದರಿಂದ ಅಲ್ಲಿ ಹುಡುಕಿದಾಗ ಹೆಸರು ಸಿಗದಿದ್ದರೆ ಅದಕ್ಕೆ ಎರಡು ಅರ್ಥವಿರಬಹುದು. ನಮ್ಮಲ್ಲಿ ಹಾಗಲ್ಲ, ಇಲ್ಲಿ ಮಾರಾಟಕ್ಕೆ ಮರಿ ಹಾಕಿಸುವವರು ಒಂದೇ ಹೆಣ್ಣು ನಾಯಿ ಇಟ್ಟುಕೊಂಡಿದ್ದರೂ ಹೆಸರು ಮಂಡಳಿಯ ಕಡತದಲ್ಲಿರಬೇಕು.

ಇನ್ನು ಜಾಗದ ಭೇಟಿ. ಹಗಲು ಹೊತ್ತಿನಲ್ಲಿ, ಸಾಧ್ಯವಾದರೆ ಮಳೆ ಬಂದ ಮರುದಿನ ಹೋಗಬೇಕು. ಪ್ರಮಾಣಪತ್ರದಲ್ಲಿರುವ ವಿಳಾಸಕ್ಕೇ ಹೋಗಬೇಕು. “ಅಲ್ಲಿ ಕೆಲಸ ನಡೆಯುತ್ತಿದೆ, ನಮ್ಮ ಇನ್ನೊಂದು ಮನೆಗೆ ಬನ್ನಿ” ಎಂದರೆ ಒಪ್ಪಬಾರದು. ಮರಿಗಳನ್ನು ಸ್ನಾನ ಮಾಡಿಸಿ ಜಗಲಿಗೆ ತಂದಿಟ್ಟರೆ ವಿನಯದಿಂದಲೇ, “ತಾಯಿಯ ಜೊತೆ ಇರುವಾಗ ಒಮ್ಮೆ ನೋಡುತ್ತೇವೆ” ಎಂದು ಹೇಳಬೇಕು. ತಾಯಿ ಊರಿಗೆ ಹೋಗಿದೆ, ತಾಯಿ ಕಚ್ಚುತ್ತದೆ, ತಾಯಿ ಬೇರೆಯವರ ಮನೆಯಲ್ಲಿದೆ ಎಂಬ ಮೂರು ಉತ್ತರಗಳನ್ನೂ ನಾನು ಕೇಳಿದ್ದೇನೆ. ತಾಯಿಯನ್ನು ತೋರಿಸಿದರೆ ಅದರ ವಯಸ್ಸು, ಇದು ಎಷ್ಟನೆಯ ಸೂಲು ಎಂದು ಕೇಳಿ, ರಿಜಿಸ್ಟರಿನಲ್ಲಿ ಅದೇ ನಾಯಿಯ ಪುಟವನ್ನು ತೆರೆದು ತೋರಿಸುವಂತೆ ವಿನಂತಿಸಬೇಕು. ಚೆನ್ನಾಗಿ ಕೆಲಸ ಮಾಡುವ ಬ್ರೀಡರ್‌ಗಳಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಅವರು ನಮ್ಮ ಮನೆಯಲ್ಲಿ ಕಂಪೌಂಡ್ ಇದೆಯೇ, ಹಗಲು ಯಾರಿರುತ್ತಾರೆ ಎಂದು ತಿರುಗಿ ನಮ್ಮನ್ನೇ ಕೇಳುತ್ತಾರೆ.

ಮರಿಯ ವಯಸ್ಸಿನ ಲೆಕ್ಕವನ್ನು ನಾವೇ ಮಾಡಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಜೂನ್ 10ರಂದು ಹುಟ್ಟಿದ ಮರಿಗೆ 56 ದಿನ ತುಂಬುವುದು ಆಗಸ್ಟ್ 5ರಂದು. ಜುಲೈ 20ಕ್ಕೆ ಕೊಂಡುಹೋಗಿ ಎಂದರೆ ಅದು ಆರು ವಾರವೂ ತುಂಬದ ಮರಿ. ದಿನಾಂಕದಲ್ಲಿ ಸಂಶಯವಿದ್ದರೆ ಪಶುವೈದ್ಯರು ಹಲ್ಲು ನೋಡಿ ಅಂದಾಜು ಹೇಳಬಲ್ಲರು, ಏಕೆಂದರೆ ಎಂಟು ವಾರದ ಹೊತ್ತಿಗೆ ಸಾಮಾನ್ಯವಾಗಿ 28 ಹಾಲುಹಲ್ಲುಗಳೂ ಬಂದಿರುತ್ತವೆ.

ಲಸಿಕೆ ಕಾರ್ಡಿನ ವಿಷಯವನ್ನು ನಾನು ಕಷ್ಟಪಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದ ಕಂದು ಬಣ್ಣದ ಲ್ಯಾಬ್ರಡಾರ್ ಮರಿಯನ್ನು ಮಧ್ಯವರ್ತಿಯೊಬ್ಬರಿಂದ ಹೆದ್ದಾರಿ ಬದಿಯಲ್ಲೇ ಪಡೆದಿದ್ದೆವು. ನಾಲ್ಕನೆಯ ದಿನ ಬೆಳಿಗ್ಗೆ ಅದು ಹಾಲು ಮುಟ್ಟಲಿಲ್ಲ. ಮಧ್ಯಾಹ್ನದೊಳಗೆ ವಾಂತಿ, ಸಂಜೆಗೆ ರಕ್ತಭೇದಿ. ಪಶುವೈದ್ಯರು ಪಾರ್ವೊ ಎಂಬ ವೈರಸ್ ಕಾಯಿಲೆ ಎಂದರು. ಡ್ರಿಪ್ ಹಾಕಿ ಅವರು ಲಸಿಕೆ ಕಾರ್ಡನ್ನು ಕೈಗೆತ್ತಿಕೊಂಡು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಎರಡು ಲಸಿಕೆಗಳ ಸಾಲು, ನಡುವೆ ಮೂರು ವಾರಗಳ ಅಂತರ. ಆದರೆ ಎರಡೂ ಸಾಲುಗಳು ಒಂದೇ ನೀಲಿ ಶಾಯಿಯಲ್ಲಿ, ಒಂದೇ ಓಟದ ಕೈಬರಹದಲ್ಲಿ ಇದ್ದವು. ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಬೇಕಾದ ಸಣ್ಣ ಚೀಟಿಯ ಜಾಗ ಎರಡು ಕಡೆಯೂ ಖಾಲಿ. ಸಹಿಯ ಕೆಳಗೆ ವೈದ್ಯರ ನೋಂದಣಿ ಸಂಖ್ಯೆಯಿರಲಿಲ್ಲ. “ಇದನ್ನು ಒಂದೇ ಸಲ ಕೂತು ಬರೆದದ್ದು” ಎಂದಷ್ಟೇ ಹೇಳಿ ಕಾರ್ಡನ್ನು ಮೇಜಿನ ಮೇಲಿಟ್ಟರು. ಮರಿ ಆರನೆಯ ದಿನ ರಾತ್ರಿ ಹೋಯಿತು. ಮಧ್ಯವರ್ತಿಯ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿತ್ತು. ನಮ್ಮ ಕೈಯಲ್ಲಿ ಬಿಲ್ ಇರಲಿಲ್ಲ, ಮರಿ ಹುಟ್ಟಿದ ಊರು ಯಾವುದೆಂದೂ ಗೊತ್ತಿರಲಿಲ್ಲ.

ಪಾರ್ವೊ ವೈರಸ್ ದೇಹ ಸೇರಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಹಿಡಿಯುತ್ತದೆ. ಮನೆಗೆ ಬಂದ ನಾಲ್ಕನೆಯ ದಿನ ಕಾಯಿಲೆ ಕಾಣಿಸಿಕೊಂಡ ಮರಿ ಅದನ್ನು ಹಿಂದಿನ ಜಾಗದಿಂದಲೋ ದಾರಿಯಿಂದಲೋ ಹೊತ್ತು ತಂದಿರುವ ಸಾಧ್ಯತೆಯೇ ಹೆಚ್ಚು. ಹೀಗಾಗಿ ಕಾರ್ಡಿನಲ್ಲಿ ನೋಡಬೇಕಾದದ್ದು ಇಷ್ಟು: ಪ್ರತಿ ಲಸಿಕೆಯ ಮುಂದೆ ಸೀಸೆಯ ಚೀಟಿ ಇರಬೇಕು, ಅದರಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಓದುವಂತಿರಬೇಕು, ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಬೇಕು. ಮೊದಲ ಲಸಿಕೆ ಆರರಿಂದ ಎಂಟು ವಾರದ ನಡುವೆ ಬೀಳುತ್ತದೆ, ನಂತರದವು ಮೂರು ನಾಲ್ಕು ವಾರಗಳಿಗೊಮ್ಮೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ಏಳು ವಾರದ ಮರಿಯ ಕಾರ್ಡಿನಲ್ಲಿ ರೇಬೀಸ್ ಸೇರಿ ಎಲ್ಲವೂ ಮುಗಿದಿದೆ ಎಂದಿದ್ದರೆ ಸಂತೋಷಪಡುವ ಬದಲು ಕಾರ್ಡಿನಲ್ಲಿರುವ ವೈದ್ಯರಿಗೆ ಫೋನ್ ಮಾಡಿ ವಿಚಾರಿಸಬೇಕು.

ಮಾರಾಟಕ್ಕೆ ಮೊದಲು ಮರಿಗೆ ಮೈಕ್ರೋಚಿಪ್ ಹಾಕಿಸಿರಬೇಕೆಂದೂ ನಿಯಮವಿದೆ. ಅಕ್ಕಿಕಾಳಿನಷ್ಟು ದೊಡ್ಡ ಆ ಚಿಪ್ ಹೆಗಲುಗಳ ನಡುವೆ ಚರ್ಮದ ಕೆಳಗೆ ಇರುತ್ತದೆ, ಅದರಲ್ಲಿ 15 ಅಂಕೆಗಳ ಸಂಖ್ಯೆಯಿರುತ್ತದೆ. ಸ್ಕ್ಯಾನರ್ ಇರುವ ಪಶುವೈದ್ಯರಲ್ಲಿಗೆ ಬ್ರೀಡರ್‌ನ ಜೊತೆಯಲ್ಲೇ ಮರಿಯನ್ನು ಕೊಂಡುಹೋಗಿ, ಓದಿದ ಸಂಖ್ಯೆಯೂ ಕಾರ್ಡಿನ ಸಂಖ್ಯೆಯೂ ಒಂದೇ ಎಂದು ಖಚಿತವಾದ ಮೇಲೆಯೇ ಪೂರ್ತಿ ಹಣ ಕೊಡಬೇಕು. ಮರಿಯ ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ ಉಣ್ಣಿಗಳಿವೆಯೇ ಎಂದೂ ಅಲ್ಲೇ ನೋಡಿಸಿಕೊಳ್ಳಬೇಕು. ಉಣ್ಣಿಯಿಂದ ಬರುವ ಜ್ವರ ನಮ್ಮ ಕಡೆ ಅಪರೂಪವಲ್ಲ. ಬಿಲ್ಲಿನಲ್ಲಿ ಬ್ರೀಡರ್‌ನ ನೋಂದಣಿ ಸಂಖ್ಯೆ, ಚಿಪ್ ಸಂಖ್ಯೆ, ಮರಿ ಹುಟ್ಟಿದ ದಿನಾಂಕ, ತಾಯಿಯ ಗುರುತು ಇವು ನಾಲ್ಕೂ ಇರಲಿ. ಹಣವನ್ನು ಬ್ರೀಡರ್‌ನ ಹೆಸರಿನ ಖಾತೆಗೇ ಹಾಕಬೇಕು. ಮುಂದೆ ತೊಂದರೆಯಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವಿಲ್ಲ, ಆದರೆ ಈ ಕಾಗದಗಳಿಲ್ಲದೆ ಅಲ್ಲಿ ನಿಲ್ಲಲಾಗುವುದಿಲ್ಲ.

ನೋಂದಣಿಯಿಲ್ಲವೆಂದು ಮಂಡಳಿಯಿಂದ ಲಿಖಿತ ಉತ್ತರ ಬಂದರೆ, ಅಥವಾ ಭೇಟಿಯ ದಿನ ನರಳುವ ನಾಯಿಗಳನ್ನು ಕಂಡರೆ, “ಪಾಪ, ಈ ಒಂದು ಮರಿಯನ್ನಾದರೂ ಉಳಿಸೋಣ” ಎಂದು ಕೊಂಡುಬರುವುದು ನನಗೆ ಸರಿಯೆನಿಸುವುದಿಲ್ಲ. ಆ ಮಾತಿನ ಹಿಂದಿನ ಕರುಣೆ ನಿಜವಾದದ್ದು, ನಾನೂ ಅದನ್ನು ಅನುಭವಿಸಿದ್ದೇನೆ. ಆದರೆ ನಾವು ಕೊಟ್ಟ ಹಣ ಅದೇ ತಾಯಿಯನ್ನು ಮುಂದಿನ ಬೆದೆಗೆ ಮತ್ತೆ ಕಟ್ಟಿಸುತ್ತದೆ. ಬದಲಿಗೆ ಕಂಡದ್ದನ್ನು ಅದೇ ದಿನ ಬರೆದಿಡಬೇಕು: ದಿನಾಂಕ, ಹೊತ್ತು, ಎಷ್ಟು ನಾಯಿಗಳು, ಯಾವ ಗೂಡಿನಲ್ಲಿ ಏನು ಕಂಡಿತು. ಬಳಿಕ ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷರಾದ ಜಿಲ್ಲಾಧಿಕಾರಿಯವರಿಗೆ ದೂರು ಬರೆದು, ಒಂದು ಪ್ರತಿಯನ್ನು ಬೆಂಗಳೂರಿನ ಮಂಡಳಿಗೆ ಅಂಚೆಯಲ್ಲಿ ಕಳುಹಿಸಬೇಕು. ಉಡುಪಿಯವರು ದೂರನ್ನು ಜಿಲ್ಲಾಧಿಕಾರಿ ಕಚೇರಿಯಿರುವ ಮಣಿಪಾಲದ ರಜತಾದ್ರಿಗೆ ಒಯ್ದು ಕೊಡಬಹುದು. ಕೊಟ್ಟ ದೂರಿನ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರನ್ನೂ ದಿನಾಂಕವನ್ನೂ ಹಾಕಿಸಿಕೊಂಡು, ಮಾಹಿತಿ ಹಕ್ಕಿನ ಉತ್ತರದ ಜೊತೆಗೆ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಬೇಕು. ಎರಡು ತಿಂಗಳು ಕಳೆದ ಮೇಲೆ ಆ ಮೊಹರಿನ ದಿನಾಂಕವನ್ನೇ ಉಲ್ಲೇಖಿಸಿ, ದೂರಿನ ಮೇಲೆ ನಡೆದ ತಪಾಸಣೆಯ ವರದಿಯ ಪ್ರತಿಯನ್ನು ಇನ್ನೊಂದು ಹತ್ತು ರೂಪಾಯಿಯ ಅರ್ಜಿಯಲ್ಲಿ ಕೇಳಬಹುದು.